ಇಂಜಿನ್ ಮೌಂಟಿಂಗ್ ಬದಲಿಸಿದರೆ ಮೈಲೇಜ್ ಮರಳಿ ಬರುತ್ತದೆಯೇ?

ಪ್ರಶ್ನೆ: ನನ್ನದು ಹಳೆಯ ಪೆಟ್ರೋಲ್ ಕಾರು. ಲೀಟರಿಗೆ 15 ಕಿ.ಮೀ. ಕೊಡುತ್ತಿದ್ದದ್ದು ಈಗ 11ಕ್ಕೆ ಇಳಿದಿದೆ. ಸಿಗ್ನಲ್‌ನಲ್ಲಿ ನಿಂತರೆ ಸ್ಟೀರಿಂಗ್ ನಡುಗುತ್ತದೆ. ಮೌಂಟಿಂಗ್ ಹಾಕಿಸಿದರೆ ಎರಡೂ ಸರಿಹೋಗುತ್ತವೆಯೇ?

ಉತ್ತರ: ನಡುಕ ಹೋಗಬಹುದು, ಮೈಲೇಜ್ ಸಾಮಾನ್ಯವಾಗಿ ಬರುವುದಿಲ್ಲ. ಮೌಂಟಿಂಗ್ ಎಂದರೆ ಇಂಜಿನ್ನಿನ ಭಾರ ಹೊತ್ತು ಅದರ ಅದುರುವಿಕೆಯನ್ನು ನುಂಗಿಕೊಳ್ಳುವ ರಬ್ಬರ್. ಪೆಟ್ರೋಲ್ ಉರಿಯುವುದಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ಎರಡೂ ತೊಂದರೆ ಒಟ್ಟಿಗೆ ಬಂದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಮಿಸ್ಸಿಂಗ್ ಅನ್ನು. ಒಂದು ಸಿಲಿಂಡರ್ ಸರಿಯಾಗಿ ಉರಿಯದಿದ್ದರೆ ಇಂಜಿನ್ ಕುಂಟುತ್ತದೆ, ಆ ಸಿಲಿಂಡರಿಗೆ ಹೋದ ಪೆಟ್ರೋಲೂ ದಂಡ.

ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಆಕ್ಸಿಲರೇಟರ್ ಒತ್ತದೆ ಇಂಜಿನ್ ತಾನಾಗಿ ಓಡುವುದನ್ನು (ಐಡ್ಲಿಂಗ್) ಗಮನಿಸಿ. ನಡುಕ ತಾಳ ತಪ್ಪಿದಂತೆ ಬಿಟ್ಟುಬಿಟ್ಟು ಬಂದರೆ ಅದು ಮಿಸ್ಸಿಂಗ್ ಇರಬಹುದು. ಇಂಜಿನ್ನಿನ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಸಿ. ಪಿ0302 ಬಂದರೆ ಎರಡನೇ ಸಿಲಿಂಡರ್ ಮಿಸ್ ಆಗುತ್ತಿದೆ. ಪ್ರತಿ ಸ್ಪಾರ್ಕ್ ಪ್ಲಗ್ಗಿಗೂ ಬೇರೆ ಕಾಯಿಲ್ (ಕಿಡಿಗೆ ಬೇಕಾದ ವಿದ್ಯುತ್ ಕೊಡುವ ಭಾಗ) ಇರುವ ಕಾರಾದರೆ, ಎರಡನೇ ಸಿಲಿಂಡರಿನ ಕಾಯಿಲನ್ನು ಒಂದನೇ ಸಿಲಿಂಡರಿಗೂ, ಅಲ್ಲಿದ್ದದ್ದನ್ನು ಎರಡನೆಯದಕ್ಕೂ ಹಾಕಿ, ಕೋಡ್ ಅಳಿಸಿ ಓಡಿಸಿ ನೋಡಿ. ಕೋಡ್ ಪಿ0301ಕ್ಕೆ ಬದಲಾದರೆ ಕೆಟ್ಟಿರುವುದು ಕಾಯಿಲ್. ಬದಲಾಗದಿದ್ದರೆ ಪ್ಲಗ್, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್, ಸಿಲಿಂಡರಿನ ಒಳಗಿನ ಒತ್ತಡ (ಕಂಪ್ರೆಷನ್) ಕಡೆ ನೋಡಬೇಕು.

ಮಿಸ್ಸಿಂಗ್ ಇಲ್ಲವೇ? ಹಾಗಾದರೆ ಥರ್ಮೋಸ್ಟಾಟ್ ನೋಡಿ. ಇಂಜಿನ್ ಬಿಸಿಯಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್ ಅದು. ಹಳೆಯ ಕಾರುಗಳಲ್ಲಿ ಬಹಳ ಜನ ಮರೆಯುವುದು ಇದನ್ನೇ. ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿ, ಫ್ಯಾನಿನಿಂದ ಕೈ ದೂರವಿಟ್ಟು ರೇಡಿಯೇಟರಿನ ಮೇಲಿನ ಹೋಸ್ ಮುಟ್ಟಿ. ಕೆಲವು ನಿಮಿಷ ತಣ್ಣಗಿದ್ದು ಆಮೇಲೆ ಒಮ್ಮೆಲೇ ಬಿಸಿಯಾಗಬೇಕು. ಮೊದಲಿನಿಂದಲೇ ನಿಧಾನವಾಗಿ ಬೆಚ್ಚಗಾಗುತ್ತಾ ಹೋದರೆ ವಾಲ್ವ್ ತೆರೆದೇ ಸಿಕ್ಕಿಕೊಂಡಿದೆ. ಇಂಜಿನ್ ಬಿಸಿಯಾಗದಿದ್ದರೆ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೆಚ್ಚು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಟೈರ್ ಗಾಳಿ, ಏರ್ ಫಿಲ್ಟರ್, ಬಿಡದೆ ಹಿಡಿದುಕೊಂಡಿರುವ ಬ್ರೇಕ್ ಇವನ್ನೂ ನೋಡಿಬಿಡಿ.

ಇನ್ನು ಮೌಂಟಿಂಗ್. ಹ್ಯಾಂಡ್‌ಬ್ರೇಕ್ ಎಳೆದು, ಕಾಲಿನ ಬ್ರೇಕ್ ಒತ್ತಿ ಹಿಡಿದು, ಮೊದಲ ಗೇರಿನಲ್ಲಿ ಕ್ಲಚ್ಚನ್ನು ಹಿಡಿತ ಸಿಗುವಷ್ಟೇ ಬಿಡಿ. ಇನ್ನೊಬ್ಬರು ಬಾನೆಟ್ ಎತ್ತಿ ಪಕ್ಕದಿಂದ ನೋಡಲಿ. ಕಾರಿನ ಮುಂದೆ ಮಾತ್ರ ಯಾರೂ ನಿಲ್ಲಬಾರದು. ರಿವರ್ಸಿನಲ್ಲೂ ಹೀಗೇ, ಆಗ ಹಿಂದೆಯೂ ಯಾರೂ ಇರಬಾರದು. ಇಂಜಿನ್ ಸ್ವಲ್ಪ ವಾಲುವುದು ಸಹಜ. ಧಡ್ ಎಂದು ಎದ್ದು ಕುಕ್ಕರಿಸಿದರೆ ರಬ್ಬರ್ ಹರಿದಿದೆ. ದ್ರವ ತುಂಬಿದ ಮೌಂಟಿಂಗ್ ಒಡೆದಿದ್ದರೆ ಅದರ ಕೆಳಗೆ ಕಪ್ಪು ಜಿಡ್ಡು ಇಳಿದಿರುತ್ತದೆ.

ಮೌಂಟಿಂಗ್‌ನಿಂದ ಮೈಲೇಜಿಗೆ ಪೆಟ್ಟು ಬೀಳುವ ಒಂದು ಸುತ್ತುದಾರಿ ಇದೆ. ಇಂಜಿನ್ ಕುಲುಕಿ ಕುಲುಕಿ ಸೈಲೆನ್ಸರಿನ ಮುಂಭಾಗದ ಪೈಪ್ ಬಿರುಕು ಬಿಡಬಹುದು. ಬಿರುಕು, ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರಿಗಿಂತ ಮುಂಚೆಯೋ ತೀರ ಹತ್ತಿರವೋ ಇದ್ದರೆ ಹೊರಗಿನ ಗಾಳಿ ಒಳಗೆ ಸೇರುತ್ತದೆ. ಪೆಟ್ರೋಲ್ ಕಡಿಮೆಯಾಯಿತೆಂದು ಸೆನ್ಸರ್ ತಪ್ಪಾಗಿ ಹೇಳುತ್ತದೆ, ಇಸಿಯು ಇನ್ನಷ್ಟು ಸೇರಿಸುತ್ತದೆ. ಬೆಳಿಗ್ಗೆ ತಣ್ಣಗಿನ ಸ್ಟಾರ್ಟಿನಲ್ಲಿ ಅಲ್ಲಿಂದ ಟಿಕ್ ಟಿಕ್ ಸದ್ದು ಬಂದರೆ, ಕಪ್ಪು ಮಸಿ ಕಂಡರೆ ಪೈಪನ್ನೂ ಸರಿಮಾಡಿಸಿ.

ಮೌಂಟಿಂಗ್‌ಗಳನ್ನು ಒಂದೊಂದಾಗಿಯೇ ಬದಲಿಸಿ. ಇಂಜಿನ್ನಿನ ತಳದ ಆಯಿಲ್ ತೊಟ್ಟಿಯಾದ ಸಂಪ್ ಕೆಳಗೆ ಅಗಲವಾದ ಮರದ ಹಲಗೆ ಇಟ್ಟು ಜಾಕ್ ಕೊಡಿ, ಇಲ್ಲದಿದ್ದರೆ ಸಂಪ್ ನೆಗ್ಗುತ್ತದೆ. ಬೋಲ್ಟುಗಳನ್ನು ಮೊದಲು ಸಡಿಲವಾಗಿ ಕೂರಿಸಿ, ಜಾಕ್ ಇಳಿಸಿ ಇಂಜಿನ್ ತನ್ನ ಜಾಗಕ್ಕೆ ಕೂತ ಮೇಲೆ ಬಿಗಿ ಮಾಡಿ. ಎತ್ತಿಟ್ಟಾಗಲೇ ಬಿಗಿ ಮಾಡಿದರೆ ರಬ್ಬರ್ ತಿರುಚಿಕೊಂಡು, ಹೊಸ ಮೌಂಟಿಂಗಿನಲ್ಲೂ ನಡುಕ ಉಳಿಯುತ್ತದೆ.