ಹಲ್ಲು ಕೀಳಿಸೋಕೆ ಭಯ, ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡ್ತಾರಾ?

"ಡಾಕ್ಟ್ರೇ, ನಂಗೆ ಸೂಜಿ ಕಂಡ್ರೇನೇ ಕೈಕಾಲು ನಡುಗುತ್ತೆ, ದವಡೆ ಹಲ್ಲು ತೆಗೀಲೇಬೇಕು ಅಂದಿದಾರೆ, ಸೆಡೇಷನ್ ತಗೊಂಡ್ರೆ ಸೂಜಿ ಇಲ್ದೆ ನಿದ್ದೆಲೇ ಮುಗಿಸ್ತಾರಂತೆ, ಹೌದಾ?"

ಇದಕ್ಕೆ ಉತ್ತರ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಒಂದೇ ಸಲ ಬರೆದುಬಿಡ್ತೀನಿ. ಸೆಡೇಷನ್, ಅಂದ್ರೆ ಔಷಧಿ ಕೊಟ್ಟು ಭಯ ಇಳಿಸಿ ಮಂಪರು ಬರಿಸೋದು, ಇದೆ, ಕೇಳೋಕೆ ಸಂಕೋಚ ಬೇಡ, ಭಯ ಅನ್ನೋದು ನಾಚ್ಕೊಳ್ಳೋ ವಿಷಯ ಅಲ್ಲ. ಆದ್ರೆ ಸೂಜಿ ಇಲ್ದೆ ಅನ್ನೋದು ಸುಳ್ಳು, ನಿದ್ದೆ ಅನ್ನೋದು ಅರ್ಧ ಸುಳ್ಳು.

ಸರಿಯಾಗಿ ಕೇಳಿ. ಭಯ ಬೇರೆ, ನೋವು ಬೇರೆ. ಸೆಡೇಷನ್ ಕೆಲಸ ಮಾಡೋದು ಮೆದುಳಿನ ಮೇಲೆ, ಭಯನ ಇಳಿಸುತ್ತೆ ಅಷ್ಟೆ. ನೋವು ನಿಲ್ಸೋದು ವಸಡಿಗೆ ಕೊಡೋ ಲಿಗ್ನೋಕೇಯ್ನ್ ಇಂಜೆಕ್ಷನ್. ನರದೊಳಗೆ ಸೋಡಿಯಂ ನುಗ್ಗಿದ್ರೆ ಮಾತ್ರ ನೋವಿನ ಸುದ್ದಿ ಮುಂದಕ್ಕೆ ಹೋಗುತ್ತೆ, ಲಿಗ್ನೋಕೇಯ್ನ್ ಆ ಬಾಗಿಲು ಮುಚ್ಚುತ್ತೆ, ಹಲ್ಲು ಎಷ್ಟು ಅಲ್ಲಾಡಿಸಿದ್ರೂ ಸುದ್ದಿ ತಲೆಗೆ ಮುಟ್ಟಲ್ಲ. ಇದನ್ನ ಬಿಟ್ಟು ಬರೀ ಸೆಡೇಷನ್ ಕೊಟ್ಟು ಇಕ್ಕಳ ಹಾಕಿದ್ರೆ ತೂಕಡಿಸ್ತಿದ್ದ ಪೇಷಂಟ್ ನೋವಿಗೆ ಎದ್ದು ಕೂತು ನಮ್ಮ ಕೈ ತಳ್ತಾರೆ. ಆಪರೇಷನ್ ಥಿಯೇಟರಲ್ಲಿ ಪೂರ್ತಿ ಅರಿವಳಿಕೆ ಕೊಟ್ಟು, ಅಂದ್ರೆ ಪ್ರಜ್ಞೆ ತಪ್ಪಿಸಿ ಹಲ್ಲು ತೆಗೆಯುವಾಗಲೂ ನಾವು ಸಾಮಾನ್ಯವಾಗಿ ವಸಡಿಗೆ ಅಡ್ರಿನಲಿನ್ ಬೆರೆಸಿದ ಲಿಗ್ನೋಕೇಯ್ನ್ ಕೊಡ್ತೀವಿ, ರಕ್ತ ಕಮ್ಮಿ ಹೋಗ್ಲಿ, ಎದ್ದ ಮೇಲೂ ಸ್ವಲ್ಪ ಹೊತ್ತು ನೋವಿಲ್ದೆ ಇರ್ಲಿ ಅಂತ.

ಇಷ್ಟು ಹೇಳಿದ ಮೇಲೂ ಒಬ್ರು ಇದ್ದೇ ಇರ್ತಾರೆ, "ಇಲ್ಲ ಡಾಕ್ಟ್ರೇ, ನಮ್ಮ ಚಿಕ್ಕಮ್ಮನ ಮಗಳಿಗೆ ಸೂಜಿನೇ ಚುಚ್ಚಿಲ್ಲ, ಅವಳೇ ಹೇಳಿದ್ಲು" ಅಂತ. ಅವಳು ಸುಳ್ಳು ಹೇಳ್ತಿಲ್ಲ, ಅವಳಿಗೆ ನೆನಪಿಲ್ಲ. ರಕ್ತನಾಳಕ್ಕೆ ಕೊಡೋ ಮಿಡಜೋಲಾಮ್ ಅನ್ನೋ ಔಷಧಿ ಆ ಹೊತ್ತಲ್ಲಿ ಹೊಸ ನೆನಪು ಕೂಡದ ಹಾಗೆ ಮಾಡುತ್ತೆ. ಡಾಕ್ಟ್ರು "ಬಾಯಿ ಇನ್ನೂ ಅಗಲ ಮಾಡಮ್ಮ" ಅಂದಾಗ ಮಾಡಿರ್ತಾಳೆ, ನೋವಿದ್ಯಾ ಅಂದ್ರೆ ಇಲ್ಲ ಅಂತ ತಲೆ ಆಡಿಸಿರ್ತಾಳೆ, ಸೂಜಿನೂ ಚುಚ್ಚಿಸಿಕೊಂಡಿರ್ತಾಳೆ, ಮನೆಗೆ ಹೋದ ಮೇಲೆ ಯಾವುದೂ ನೆನಪಿರಲ್ಲ. ಅದನ್ನೇ ಮನೆಮಂದಿ ನಿದ್ದೆಲಿ ಮಾಡಿದ್ರು ಅಂತ ಊರೆಲ್ಲಾ ಹೇಳ್ಕೊಂಡು ಬರ್ತಾರೆ. ಕರೆದ್ರೆ ಓಗೊಡೋ ಸ್ಥಿತಿಲಿ ಇರೋದೇ ಈ ಸೆಡೇಷನ್ನಿನ ಗುಣ, ಉಸಿರಾಟ ನಿಮ್ಮ ಕೈಲೇ ಇರುತ್ತೆ, ಅದಕ್ಕೇ ಇದು ಪೂರ್ತಿ ಅರಿವಳಿಕೆಗಿಂತ ಹಗುರ.

ಈಗ ಯಾವ್ಯಾವ ತರ ಇದೆ ಅಂತ ನೋಡೋಣ. ನಂಗೆ ತುಂಬಾ ಇಷ್ಟ ಗ್ಯಾಸು, ನೈಟ್ರಸ್ ಆಕ್ಸೈಡ್. ಮೂಗಿಗೆ ಮಾತ್ರ ಕೂರೋ ಸಣ್ಣ ಮಾಸ್ಕ್, ಬಾಯಿ ನಮಗೆ ಬಿಟ್ಟಿರುತ್ತೆ. ಐದು ನಿಮಿಷದೊಳಗೆ ಗೊತ್ತಾಗುತ್ತೆ, ಕುರ್ಚಿ ಕೈನ ಬೆರಳು ಬೆಳ್ಳಗಾಗೋಷ್ಟು ಗಟ್ಟಿಯಾಗಿ ಹಿಡ್ಕೊಂಡಿದ್ದೋರ ಹಿಡಿತ ಒಂದೊಂದೇ ಬೆರಳು ಸಡಿಲ ಆಗುತ್ತೆ, ಕಿವಿ ಹತ್ರ ಏರಿದ್ದ ಭುಜ ಕೆಳಗಿಳಿಯುತ್ತೆ, "ಕಾಲು ಜುಮ್ ಅಂತಿದ್ಯಾ" ಅಂದ್ರೆ "ಹೂಂ, ಬೆಚ್ಚಗಿದೆ" ಅಂತಾರೆ, ಆಮೇಲೆ ಸೂಜಿ ಚುಚ್ಚಿದ್ರೆ ಹುಬ್ಬೂ ಗಂಟು ಹಾಕಲ್ಲ. ಮುಗಿದ ಮೇಲೆ ಐದು ನಿಮಿಷ ಬರೀ ಆಕ್ಸಿಜನ್ ಕೊಟ್ರೆ ಗ್ಯಾಸು ಶ್ವಾಸಕೋಶದಿಂದಲೇ ಹೊರಟುಹೋಗುತ್ತೆ.

ಈ ಗ್ಯಾಸನ್ನ ನೋವಿಲ್ದೆ ಹಲ್ಲು ಕೀಳೋಕೆ ತಂದಿದ್ದು ನಮ್ಮ ಕಸುಬಿನವರೇ ಅನ್ನೋದು ನಂಗೆ ಹೆಮ್ಮೆ. 1844ರ ಡಿಸೆಂಬರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನ ಹಲ್ಲಿನ ಡಾಕ್ಟರ್ ಹೊರೇಸ್ ವೆಲ್ಸ್ ಮೊದಲು ತನ್ನದೇ ಹಲ್ಲು ಕೀಳಿಸಿಕೊಂಡು ನೋಡಿದ್ರು. ಹಾಗಾದ್ರೆ ಅವರಿಗೆ ಸೂಜಿ ಬೇಕಾಗ್ಲಿಲ್ವಲ್ಲ ಅಂತ ಕೇಳ್ಬೇಡಿ, ಲಿಗ್ನೋಕೇಯ್ನ್ ಹುಟ್ಟಿದ್ದೇ 1943ರಲ್ಲಿ ಸ್ವೀಡನ್ನಲ್ಲಿ, ಆಗ ಗ್ಯಾಸನ್ನೇ ಪ್ರಜ್ಞೆ ತಪ್ಪೋಷ್ಟು ಎಳ್ಕೊಳ್ತಿದ್ರು. ಈಗಿನ ಮಷೀನಿನಲ್ಲಿ ಆಕ್ಸಿಜನ್ 30%ಗಿಂತ ಕೆಳಗೆ ಇಳಿಯೋ ಹಾಗೇ ಇಲ್ಲ, ಹಾಗಾಗಿ ಅಷ್ಟು ಗ್ಯಾಸು ಒಳಗೆ ಹೋಗಲ್ಲ. ನೆಗಡಿಯಾಗಿ ಮೂಗು ಕಟ್ಟಿದ್ರೆ ಇದು ನಡೆಯಲ್ಲ, ಬಸುರಿ ಅಂದ್ರೆ ಮೊದಲ ಮೂರು ತಿಂಗಳು ಕೊಡಲ್ಲ, ಬಿ12 ಕಮ್ಮಿ ಇದ್ರೆ ಮೊದಲೇ ಹೇಳಿ, ಈ ಗ್ಯಾಸು ದೇಹದ ಬಿ12ನ ಕೆಲಸಕ್ಕೆ ಬಾರದ ಹಾಗೆ ಮಾಡುತ್ತೆ. ನಮ್ಮಲ್ಲಿ ಸಸ್ಯಾಹಾರಿಗಳು ಎಷ್ಟು ಜನ, ಅವರಲ್ಲೇ ಬಿ12 ಕಮ್ಮಿ ಇರೋದು ಜಾಸ್ತಿ, ಅವರು ಇದನ್ನ ತಪ್ಪದೆ ಹೇಳ್ಬೇಕು.

ರಕ್ತನಾಳಕ್ಕೆ ಕೊಡೋದಾದ್ರೆ ಅರಿವಳಿಕೆ ಡಾಕ್ಟರ್ ಪಕ್ಕದಲ್ಲಿರ್ಲಿ, ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಇರ್ಲಿ, ಇವೆರಡೂ ಇಲ್ಲ ಅಂದ್ರೆ ಅಲ್ಲಿ ಮಾಡಿಸಬೇಡಿ. ಜೊತೆಗೆ ಒಬ್ರು ಬರ್ಲೇಬೇಕು, ಅವತ್ತು ಗಾಡಿ ಓಡಿಸೋ ಹಾಗಿಲ್ಲ. ಮಾತ್ರೆಲೂ ಸೆಡೇಷನ್ ಇದೆ, ಆದ್ರೆ ಅಲ್ಪ್ರಜೋಲಾಮ್, ಡಯಾಜಿಪಾಮ್ ಎಲ್ಲಾ ಶೆಡ್ಯೂಲ್ ಎಚ್1ಗೆ, ಅಂದ್ರೆ ಡಾಕ್ಟ್ರ ಚೀಟಿ ಇಲ್ದೆ ಮಾರೋ ಹಾಗಿಲ್ಲದ ಔಷಧಿಗಳ ಪಟ್ಟಿಗೆ ಸೇರಿದ್ದು, ಅತ್ತೆಗೆ ಬರೆದುಕೊಟ್ಟ ನಿದ್ದೆ ಮಾತ್ರೆ ನುಂಗಿ ಬರೋದು, ಧೈರ್ಯಕ್ಕೆ ಒಂದು ಕ್ವಾರ್ಟರ್ ಹಾಕ್ಕೊಂಡು ಬರೋದು ಎರಡೂ ಬೇಡ, ಎರಡನ್ನೂ ಸೇರಿಸಿದ್ರೆ ಉಸಿರೇ ನಿಲ್ಲಬಹುದು. ಪೂರ್ತಿ ಅರಿವಳಿಕೆ ಉಳಿದಿದ್ದು ಆಸ್ಪತ್ರೆಗೆ, ಬಾಯಿತುಂಬಾ ಹುಳುಕಿರೋ ಪುಟ್ಟ ಮಕ್ಕಳಿಗೆ, ಕೂತ್ಕೊಳ್ಳೋಕೇ ಆಗದ ವಿಶೇಷಚೇತನರಿಗೆ.

ಇದನ್ನ ಯಾರೂ ಕೇಳಲ್ಲ, ಆದ್ರೂ ಹೇಳ್ತೀನಿ, ಯಾಕಂದ್ರೆ ಬಹಳ ಜನರ ಭಯಕ್ಕೆ ಮೂಲ ಇಲ್ಲಿದೆ. "ಹೋದ ಸಲ ಇಂಜೆಕ್ಷನ್ ಹಿಡೀಲೇ ಇಲ್ಲ, ಹಾಗೇ ಕಿತ್ರು." ಇದು ನಿಜವಾಗ್ಲೂ ಆಗುತ್ತೆ. ಕೀವು ತುಂಬಿದ ಜಾಗ ಆಮ್ಲೀಯ ಆಗಿರುತ್ತೆ, ಅಲ್ಲಿ ಲಿಗ್ನೋಕೇಯ್ನ್ ನರದ ಪೊರೆ ದಾಟೋದು ಕಷ್ಟ, ಎಷ್ಟು ಕೊಟ್ರೂ ಜೋಮು ಪೂರ್ತಿ ಬರಲ್ಲ. ಭಯಕ್ಕೆ ಮುಂದಕ್ಕೆ ಹಾಕಿ ಹಾಕಿ ಕೆನ್ನೆ ಊದಿದ ಮೇಲೆ ಬಂದೋರಿಗೇ ಇದು ಜಾಸ್ತಿ, ಅಲ್ಲಿ ಪಟ್ಟ ನೋವು ಭಯನ ಇನ್ನೂ ದೊಡ್ಡದು ಮಾಡುತ್ತೆ. ಅಂಥ ಹೊತ್ತಲ್ಲಿ ಸಾಧ್ಯ ಆದ್ರೆ ಕೀವಿಂದ ದೂರ, ನರ ಹೊರಡೋ ಜಾಗದಲ್ಲೇ ಇಂಜೆಕ್ಷನ್ ಕೊಡ್ಬೇಕು, ಇಲ್ಲಾಂದ್ರೆ ಮೊದಲು ಕೀವು ಹೊರಗೆ ಬಿಟ್ಟು ಊತ ಇಳಿದ ಮೇಲೆ ಹಲ್ಲಿಗೆ ಕೈ ಹಾಕ್ಬೇಕು. ಕೆಳದವಡೆಗೆ ಕೊಟ್ಟಿದ್ರೆ ಆ ಕಡೆ ಕೆಳತುಟಿ ಅರ್ಧ ದಪ್ಪ ಆದ ಹಾಗೆ ಅನ್ನಿಸ್ಬೇಕು, ಅದು ಅನ್ನಿಸೋವರೆಗೂ ಕೆಲಸ ಶುರು ಮಾಡಿಸ್ಕೊಳ್ಳಬೇಡಿ, "ಇನ್ನೂ ಜೋಮು ಬಂದಿಲ್ಲ, ಸ್ವಲ್ಪ ಕಾಯಿರಿ" ಅಂತ ಕೈ ಎತ್ತಿ ಹೇಳಿ.