ಸ್ಪರ್ಧೆ ಗೆದ್ದವರ ಹಾಡು ಎಷ್ಟು ಮಾರಾಟವಾಯಿತೆಂದು ಎಣಿಸುವವರು ಯಾರು?

ಪ್ರಶ್ನೆ: ಟಿವಿಯ ಹಾಡಿನ ಸ್ಪರ್ಧೆಯಲ್ಲಿ ಗೆದ್ದವರ ಆಲ್ಬಂ ಇಷ್ಟು ಲಕ್ಷ ಮಾರಾಟವಾಯಿತು, ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು, ಪ್ಲಾಟಿನಂ ಆಯಿತು ಎಂದೆಲ್ಲ ಓದುತ್ತಿರುತ್ತೇವೆ. ಈಗ ಕ್ಯಾಸೆಟ್ಟೂ ಇಲ್ಲ, ಸಿಡಿಯೂ ಇಲ್ಲ. ಹಾಗಿದ್ದರೆ ಮಾರಾಟವಾಗುವುದಾದರೂ ಏನು, ಎಣಿಸುವವರು ಯಾರು? ನಮ್ಮ ಕಡೆಯ ಹುಡುಗಿಯೊಬ್ಬಳು ಸ್ಪರ್ಧೆಯಲ್ಲಿ ಹಾಡಿದ ಹಾಡಿಗೆ ಯೂಟ್ಯೂಬಿನಲ್ಲಿ ಒಂದು ಕೋಟಿ ವೀಕ್ಷಣೆ ಬಂದರೆ ಅದನ್ನೂ ಪ್ಲಾಟಿನಂ ಎನ್ನಬಹುದೇ?
– ಗೋಣಿಕೊಪ್ಪದ ಓದುಗರೊಬ್ಬರು

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಎನ್ನಲಾಗದು. ವೀಕ್ಷಣೆ, ಮಾರಾಟ, ಪಟ್ಟಿಯಲ್ಲಿನ ಸ್ಥಾನ, ಪ್ಲಾಟಿನಂ, ಈ ನಾಲ್ಕೂ ಬೇರೆ ಬೇರೆ ಲೆಕ್ಕಗಳು. ಆ ಲೆಕ್ಕ ಇಡುವವರೂ ಬೇರೆ ಬೇರೆಯವರು. ಸ್ಪರ್ಧೆ ಗೆದ್ದವರ ವಿಷಯದಲ್ಲಿ ಇವು ಒಂದರೊಳಗೊಂದು ಕಲೆತುಹೋಗುವುದು ಹೆಚ್ಚು, ಏಕೆಂದರೆ ಗೆದ್ದ ವಾರದಲ್ಲಿ ವಾಹಿನಿಯವರು, ಹಾಡಿನ ಕಂಪನಿಯವರು, ಅಭಿಮಾನಿಗಳು, ಎಲ್ಲರೂ ತಮಗೆ ಅನುಕೂಲವಾದ ಅಂಕಿಯನ್ನೇ ಎತ್ತಿ ಹಿಡಿಯುತ್ತಾರೆ.

ನಾನು ಪಿಯುಸಿ ಓದುತ್ತಿದ್ದ ಕಾಲದಲ್ಲಿ ಮಡಿಕೇರಿಯಲ್ಲಿ ಒಂದು ಕ್ಯಾಸೆಟ್ ಅಂಗಡಿಗೆ ಹೋಗುತ್ತಿದ್ದೆ. ಮಳೆಗಾಲದಲ್ಲಿ ಕ್ಯಾಸೆಟ್ಟಿನ ರೀಲಿಗೆ ಬೂಷ್ಟು ಹಿಡಿಯುತ್ತದೆಂದು ಮಾಲೀಕರು ಗಾಜಿನ ಕಪಾಟಿನೊಳಗೆ ಒಂದು ಬಲ್ಬನ್ನು ಹಗಲೂ ರಾತ್ರಿ ಉರಿಸುತ್ತಿದ್ದರು. ಯಾವ ಕ್ಯಾಸೆಟ್ ಎಷ್ಟು ಹೋಯಿತೆಂಬುದನ್ನು ನೋಟ್‌ಬುಕ್ಕಿನಲ್ಲಿ ಗೀಟು ಎಳೆದು ಗುರುತಿಸುತ್ತಿದ್ದರು. ನಾಲ್ಕು ನೇರ ಗೀಟು, ಐದನೆಯದು ಅಡ್ಡ. ಆ ನೋಟ್‌ಬುಕ್ ಮುಂದಿನ ಆರ್ಡರ್ ಕೊಡುವುದಕ್ಕಾಗಿ ಮಾತ್ರ ಇತ್ತು, ಅದನ್ನು ಕೇಳಿಕೊಂಡು ಯಾರೂ ಬಂದದ್ದಿಲ್ಲ. ಕಂಪನಿಗೆ ತಿಳಿಯುತ್ತಿದ್ದುದು ಅಂಗಡಿಗಳಿಗೆ ಎಷ್ಟು ಕಳಿಸಿದೆವು, ಮಾರಾಟವಾಗದೆ ಎಷ್ಟು ವಾಪಸು ಬಂತು ಎಂಬುದಷ್ಟೇ. ಕೊಂಡವನ ಕೈಗೆ ಹೋದದ್ದೆಷ್ಟು ಎಂಬುದನ್ನು ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲೇ ಎಣಿಸುವ ವ್ಯವಸ್ಥೆ ನಮ್ಮಲ್ಲಿ ಬೇರೂರಲೇ ಇಲ್ಲ.

ಅಮೆರಿಕದಲ್ಲಿಯೂ ಬಹುಕಾಲ ಪರಿಸ್ಥಿತಿ ಇದಕ್ಕಿಂತ ತೀರ ಭಿನ್ನವಾಗಿರಲಿಲ್ಲ. ಬಿಲ್‌ಬೋರ್ಡ್ ಪತ್ರಿಕೆಯವರು ಆಯ್ದ ಅಂಗಡಿಗಳನ್ನು ವಿಚಾರಿಸಿ, ಈ ವಾರ ಯಾವುದು ಚೆನ್ನಾಗಿ ಹೋಯಿತು ಎಂಬ ಅವರ ಮಾತನ್ನು ನಂಬಿ ಆಲ್ಬಂಗಳ ಪಟ್ಟಿ ಮಾಡುತ್ತಿದ್ದರು. 1991ರ ಮೇ ತಿಂಗಳಲ್ಲಿ ಇದು ಬದಲಾಯಿತು. ಸೌಂಡ್‌ಸ್ಕ್ಯಾನ್ ಎಂಬ ಸಂಸ್ಥೆ ಅಂಗಡಿಯಲ್ಲಿ ಬಾರ್‌ಕೋಡ್ ಓದಿಸಿ ಬಿಲ್ ಮಾಡಿದಾಗಿನ ಲೆಕ್ಕವನ್ನೇ ಒಟ್ಟುಗೂಡಿಸಿ ಕೊಡತೊಡಗಿತು. ಅಲ್ಲಿಯವರೆಗೆ ಪಟ್ಟಿಯ ಕೆಳಗಡೆ ಇರುತ್ತಿದ್ದ ಕಂಟ್ರಿ ಮತ್ತು ರ್‍ಯಾಪ್ ಸಂಗೀತದ ಆಲ್ಬಂಗಳು ಕೂಡಲೇ ಮೇಲೇರಿದವು. ಜನ ಅವುಗಳನ್ನು ಮೊದಲೂ ಕೊಳ್ಳುತ್ತಿದ್ದರು, ಅಂಗಡಿಯವರ ಬಾಯಲ್ಲಿ ಮಾತ್ರ ಬರುತ್ತಿರಲಿಲ್ಲ. 2002ರಲ್ಲಿ ಅಮೆರಿಕನ್ ಐಡಲ್ ಎಂಬ ಟಿವಿ ಹಾಡಿನ ಸ್ಪರ್ಧೆ ಆರಂಭವಾದಾಗ ಈ ಬಿಲ್ಲಿನ ಲೆಕ್ಕ ಗಟ್ಟಿಯಾಗಿತ್ತು. ಆದ್ದರಿಂದಲೇ ಅಲ್ಲಿನ ವಿಜೇತರ ಅಂಕಿಗಳನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು.

ಈಗ ಪ್ಲಾಟಿನಂ ವಿಚಾರ. ಇದು ಪಟ್ಟಿಯಲ್ಲ, ಪ್ರಮಾಣಪತ್ರ. ಅಮೆರಿಕದಲ್ಲಿ ಅದನ್ನು ಕೊಡುವುದು ಧ್ವನಿಮುದ್ರಣ ಕಂಪನಿಗಳದೇ ಸಂಘವಾದ ಆರ್‌ಐಎಎ. 5 ಲಕ್ಷಕ್ಕೆ ಗೋಲ್ಡ್, 10 ಲಕ್ಷಕ್ಕೆ ಪ್ಲಾಟಿನಂ, 1 ಕೋಟಿಗೆ ಡೈಮಂಡ್. ಬ್ರಿಟನ್ನಿನಲ್ಲಿ ಆಲ್ಬಂ 3 ಲಕ್ಷ ಮುಟ್ಟಿದರೆ ಪ್ಲಾಟಿನಂ, ಆದ್ದರಿಂದ ಯಾವ ದೇಶದ್ದು ಎಂದು ಹೇಳದೆ ಪ್ಲಾಟಿನಂ ಎಂದಷ್ಟೇ ಬರೆದರೆ ಏನೂ ಬರೆದಂತಾಗಲಿಲ್ಲ. ಅಮೆರಿಕದಲ್ಲಿ ಕಂಪನಿ ತಾನಾಗಿ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಲೆಕ್ಕ ಪರಿಶೋಧನೆ ಮಾಡಿಸಿಕೊಂಡರೆ ಮಾತ್ರ ಈ ಪ್ರಮಾಣಪತ್ರ ಸಿಗುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಸಿಡಿಗಳ ಕಾಲದಲ್ಲಿ ಅಲ್ಲಿ ಎಣಿಸುತ್ತಿದ್ದುದು ಗಿರಾಕಿ ಕೊಂಡದ್ದನ್ನಲ್ಲ, ಅಂಗಡಿಗಳಿಗೆ ರವಾನೆಯಾದದ್ದನ್ನು. 2006ರಲ್ಲಿ ಅಮೆರಿಕನ್ ಐಡಲ್ ಗೆದ್ದ ಟೇಲರ್ ಹಿಕ್ಸ್ ಅವರ ಆಲ್ಬಂ ಪ್ಲಾಟಿನಂ ಪ್ರಮಾಣಪತ್ರ ಪಡೆಯಿತು. ಬಿಲ್ಲಿನ ಲೆಕ್ಕದಲ್ಲಿ ಅದು ಮಾರಾಟವಾದದ್ದು ಸುಮಾರು 7 ಲಕ್ಷ ಪ್ರತಿ. ಇದರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಒಬ್ಬರು ಲಾರಿಗೆ ತುಂಬಿದ ಮೂಟೆ ಎಣಿಸಿದರು, ಇನ್ನೊಬ್ಬರು ತೂಕ ಮಾಡಿ ಹಣ ಎಣಿಸಿಕೊಂಡದ್ದನ್ನು ಬರೆದರು.

ಪಟ್ಟಿಯ ಸ್ಥಾನ ಎಂಬುದು ಇವೆರಡಕ್ಕಿಂತಲೂ ಬೇರೆ, ಏಕೆಂದರೆ ಅದರಲ್ಲಿ ಪ್ರಮಾಣವೇ ಇರುವುದಿಲ್ಲ, ಆ ವಾರ ಎದುರಿಗಿದ್ದವರು ಯಾರು ಎಂಬುದರ ಮೇಲೆ ಎಲ್ಲವೂ ನಿಂತಿರುತ್ತದೆ. ಬ್ರಿಟನ್ನಿನ ಎಕ್ಸ್ ಫ್ಯಾಕ್ಟರ್ ಸ್ಪರ್ಧೆಯ ಅಂತಿಮ ಸುತ್ತು ಡಿಸೆಂಬರಿನಲ್ಲಿ ನಡೆದು, ಕ್ರಿಸ್ಮಸ್ ವಾರದ ಪಟ್ಟಿಗೆ ಸರಿಯಾಗಿ ವಿಜೇತರ ಹಾಡು ಬಿಡುಗಡೆಯಾಗುತ್ತಿತ್ತು. 2005ರಿಂದ ನಾಲ್ಕು ವರ್ಷ ಸತತವಾಗಿ ಆ ವಾರದ ಮೊದಲ ಸ್ಥಾನ ಅವರದ್ದೇ ಆಯಿತು. 2009ರಲ್ಲಿ ಇದರಿಂದ ಬೇಸತ್ತ ಗಂಡ ಹೆಂಡತಿ ಫೇಸ್‌ಬುಕ್ಕಿನಲ್ಲಿ ಕರೆ ಕೊಟ್ಟು, ರೇಜ್ ಅಗೇನ್ಸ್ಟ್ ದಿ ಮಷೀನ್ ತಂಡದ 1992ರ ಹಾಡೊಂದನ್ನು ಜನರಿಂದ ಕೊಳ್ಳಿಸಿದರು. ಹಳೆಯ ಹಾಡಿಗೆ 5 ಲಕ್ಷ, ವಿಜೇತ ಜೋ ಮೆಕೆಲ್ಡೆರಿಗೆ ಸುಮಾರು ನಾಲ್ಕೂವರೆ ಲಕ್ಷ. ನಾಲ್ಕೂವರೆ ಲಕ್ಷ ಮಾರಾಟವಾಗಿಯೂ ಎರಡನೆಯ ಸ್ಥಾನ! ಅದೇ ಹಾಡು ಮರುವಾರ ಮೊದಲ ಸ್ಥಾನಕ್ಕೆ ಬಂತು, ಆ ವಾರದ ಮಾರಾಟ ಹೆಚ್ಚಿದ್ದರಿಂದಲ್ಲ, ಪೈಪೋಟಿ ಇಳಿದದ್ದರಿಂದ.

ಒಂದು ಹಾಡಿನ ಪಟ್ಟಿ ಮತ್ತು ಆಲ್ಬಂ ಪಟ್ಟಿ ಒಂದೇ ಅಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಬಿಲ್‌ಬೋರ್ಡಿನ ಹಾಟ್ 100 ಎಂಬ ಹಾಡುಗಳ ಪಟ್ಟಿಯಲ್ಲಿ ಮಾರಾಟದ ಜೊತೆಗೆ ರೇಡಿಯೋ ಪ್ರಸಾರವೂ ಸೇರುತ್ತದೆ, ಈಗ ಆನ್‌ಲೈನಿನಲ್ಲಿ ಕೇಳಿದ್ದೂ ಸೇರುತ್ತದೆ. ಅಮೆರಿಕನ್ ಐಡಲ್‌ನ ಮೊದಲ ವಿಜೇತೆ ಕೆಲ್ಲಿ ಕ್ಲಾರ್ಕ್ಸನ್ ಅವರ ಹಾಡು 2002ರಲ್ಲಿ ಒಂದೇ ವಾರದಲ್ಲಿ 52ರಿಂದ 1ಕ್ಕೆ ಜಿಗಿದದ್ದು ಈ ಕಾರಣಕ್ಕೆ: ರೇಡಿಯೋದಲ್ಲಿ ಮೊದಲೇ ಬರುತ್ತಿದ್ದ ಹಾಡಿನ ಸಿಡಿ ಅಂಗಡಿಗೆ ಬಂದ ವಾರ ಮಾರಾಟದ ಲೆಕ್ಕವೂ ಕೂಡಿಕೊಂಡಿತು. ದೊಡ್ಡ ಜಿಗಿತಕ್ಕೆ ಬೀಟಲ್ಸ್ ತಂಡದ ಹೆಸರಿನಲ್ಲಿ 1964ರಿಂದ ಇದ್ದ ದಾಖಲೆ ಅಲ್ಲಿಗೆ ಮುರಿಯಿತು. ಇನ್ನೊಂದು ಸ್ವಾರಸ್ಯದ ಸಂಗತಿ 2008ರದು. ಸ್ಪರ್ಧಿಗಳು ವಾರವಾರ ಹಾಡಿದ ಹಾಡುಗಳನ್ನು ಐಟ್ಯೂನ್ಸ್ ಎಂಬ ಆನ್‌ಲೈನ್ ಹಾಡಿನ ಅಂಗಡಿಯಲ್ಲಿ ಮಾರಾಟಕ್ಕಿಟ್ಟರು, ಆದರೆ ಸ್ಪರ್ಧೆ ಮುಗಿಯುವವರೆಗೆ ಯಾರದ್ದು ಎಷ್ಟು ಹೋಯಿತೆಂಬುದನ್ನು ಬಿಟ್ಟುಕೊಡಲಿಲ್ಲ. ಮಾರಾಟ ನೋಡಿ ಮತ ಹಾಕುವಂತಾದರೆ ಸ್ಪರ್ಧೆಯ ಕುತೂಹಲವೇ ಹೋಗುತ್ತಿತ್ತು. ಗೆದ್ದ ಡೇವಿಡ್ ಕುಕ್ ಅವರ 11 ಹಾಡುಗಳು ನಂತರ ಒಂದೇ ವಾರದಲ್ಲಿ ಹಾಟ್ 100 ಪಟ್ಟಿಗೆ ಒಟ್ಟಿಗೆ ಬಂದವು. ನಿಯಮ ತಿಳಿಯದೆ ಆ ವಾರದ ಪಟ್ಟಿಯನ್ನು ನೋಡಿದವರಿಗೆ ಇದು ಪವಾಡದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಇನ್ನು ತಮ್ಮ ಮುಖ್ಯ ಪ್ರಶ್ನೆ, ಸಿಡಿ ಇಲ್ಲದ ಕಾಲದಲ್ಲಿ ಮಾರಾಟವಾಗುವುದೇನು ಎಂಬುದು. ಗೋಣಿಕೊಪ್ಪದವರಿಗೆ ಇದನ್ನು ವಿವರಿಸುವುದು ಸುಲಭ. ನಾವು ಕಾಫಿ ಚೆರಿಯ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನ, ಮೂಟೆಯನ್ನು ವ್ಯಾಪಾರಿಯಲ್ಲಿಗೆ ಒಯ್ದಾಗ ಆತ 50 ಕೆಜಿಯನ್ನು 50 ಕೆಜಿ ಎಂದು ಒಪ್ಪುವುದಿಲ್ಲ. ಮೂಟೆಯಿಂದ ಒಂದಿಷ್ಟು ಸ್ಯಾಂಪಲ್ ತೆಗೆದು, ಸಣ್ಣ ಯಂತ್ರದಲ್ಲಿ ಸಿಪ್ಪೆ ಬಿಡಿಸಿ, ಉಳಿದ ಬೀಜವನ್ನು ತೂಗಿ, ಔಟ್‌ಟರ್ನ್, ಅಂದರೆ ಮೂಟೆಗೆ ಸಿಗುವ ಬೀಜದ ಕೆಜಿ, 26 ಬಂತೋ 28 ಬಂತೋ ಎಂದು ನೋಡಿ ದರ ಕಟ್ಟುತ್ತಾನೆ. ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟಾದರೆ ಅದೇ 50 ಕೆಜಿಗೆ 40 ಕೆಜಿಯ ಆಸುಪಾಸು ಬೀಜ ಬರುತ್ತದೆ. ಹಾಡಿನ ಲೆಕ್ಕದಲ್ಲಿಯೂ ಈಗ ನಡೆಯುತ್ತಿರುವುದು ಇಂಥದೇ ಪರಿವರ್ತನೆ. 2014ರ ಡಿಸೆಂಬರಿನಲ್ಲಿ ಬಿಲ್‌ಬೋರ್ಡ್ ತನ್ನ ಆಲ್ಬಂ ಪಟ್ಟಿಗೆ ಹೊಸ ಅಳತೆ ತಂದಿತು: ಆಲ್ಬಂನ ಹಾಡುಗಳನ್ನು ಬಿಡಿಯಾಗಿ 10 ಬಾರಿ ಕೊಂಡರೆ ಒಂದು ಆಲ್ಬಂ, 1,500 ಬಾರಿ ಆನ್‌ಲೈನಿನಲ್ಲಿ ಕೇಳಿದರೆ ಒಂದು ಆಲ್ಬಂ. 2018ರಲ್ಲಿ ಚೆರಿ ಬೇರೆ, ಪಾರ್ಚ್‌ಮೆಂಟ್ ಬೇರೆ ಎಂಬಂತೆ ಕೇಳುಗರನ್ನೂ ವಿಂಗಡಿಸಿದರು. ತಿಂಗಳ ಚಂದಾ ಕಟ್ಟಿ ಕೇಳುವವರಾದರೆ 1,250 ಬಾರಿಗೆ ಒಂದು ಆಲ್ಬಂ, ಜಾಹೀರಾತು ಸಹಿಸಿಕೊಂಡು ಪುಕ್ಕಟೆಯಾಗಿ ಕೇಳುವವರಾದರೆ 3,750 ಬಾರಿಗೆ ಒಂದು. ಕಾಫಿಯ ದರದಂತೆ ಈ ದರವೂ ಆಗಾಗ ಬದಲಾಗುತ್ತಿರುತ್ತದೆ.

ಬ್ರಿಟನ್ನಿನಲ್ಲಿ 2015ರಿಂದ ಆನ್‌ಲೈನ್ ಕೇಳುವಿಕೆಯನ್ನು ಆಲ್ಬಂ ಪಟ್ಟಿಗೆ ಸೇರಿಸಿದಾಗ ಇನ್ನೂ ಒಂದು ಎಚ್ಚರಿಕೆ ವಹಿಸಿದರು. ಆಲ್ಬಂನಲ್ಲಿ ಅತಿ ಹೆಚ್ಚು ಕೇಳಿಸಿಕೊಂಡ ಎರಡು ಹಾಡುಗಳ ಸಂಖ್ಯೆಯನ್ನು ಉಳಿದ ಹಾಡುಗಳ ಸರಾಸರಿಗೆ ಇಳಿಸಿದರು, ಒಂದೇ ಹಾಡಿನ ಜನಪ್ರಿಯತೆಯಿಂದ ಇಡೀ ಆಲ್ಬಂ ಮೇಲೇರಬಾರದೆಂದು. ಸ್ಪರ್ಧೆ ಗೆದ್ದವರಿಗೆ ಈ ನಿಯಮ ಹೆಚ್ಚು ತಟ್ಟುತ್ತದೆ, ಏಕೆಂದರೆ ಅಂತಿಮ ಸುತ್ತಿನ ಹಾಡೊಂದೇ ಎಲ್ಲರ ಬಾಯಲ್ಲಿದ್ದು ಆಲ್ಬಂನ ಉಳಿದ ಹಾಡುಗಳ ಹೆಸರೇ ಯಾರಿಗೂ ಗೊತ್ತಿರುವುದಿಲ್ಲ.

ಈಗ ಒಂದು ಕೋಟಿ ವೀಕ್ಷಣೆಯನ್ನು 2018ರ ದರದಲ್ಲಿ ಅಳೆಯೋಣ. ಎಲ್ಲವೂ ಪುಕ್ಕಟೆ ವೀಕ್ಷಣೆ ಎಂದುಕೊಂಡು 1,00,00,000ವನ್ನು 3,750ರಿಂದ ಭಾಗಿಸಿದರೆ ಬರುವುದು 2,667 ಆಲ್ಬಂ. ಇದು ಬಿಲ್‌ಬೋರ್ಡ್ ಪಟ್ಟಿಯ ದರ, ಪ್ಲಾಟಿನಂ ಲೆಕ್ಕ ಇಡುವವರು ಬೇರೆ; ಆದರೂ ಅಲ್ಲಿ ಬೇಕಾದದ್ದು 10 ಲಕ್ಷ. ಕೋಟಿ ಎಂಬ ಮಾತಿನ ತೂಕ ಸಿಪ್ಪೆ ಬಿಡಿಸಿದ ಮೇಲೆ ಎಷ್ಟು ಉಳಿಯಿತು ನೋಡಿ. ಅದೂ ಅಮೆರಿಕದೊಳಗೆ ಕೇಳಿದ್ದಾಗಿರಬೇಕು. ಗೋಣಿಕೊಪ್ಪದಲ್ಲಿ ಕೂತು ಎಷ್ಟು ಸಲ ಕೇಳಿದರೂ ಆ ಪಟ್ಟಿಗೆ ಅದು ಸೇರದು.

ವೀಕ್ಷಣೆಯ ಸಂಖ್ಯೆಯನ್ನೇ ಇಟ್ಟುಕೊಂಡರೂ ಅದರಲ್ಲಿ ಕೊಂಡ ವೀಕ್ಷಣೆ ಎಷ್ಟು ಎಂಬ ಪ್ರಶ್ನೆ ಉಳಿಯುತ್ತದೆ. 2019ರ ಜುಲೈಯಲ್ಲಿ ಹಿಂದಿ ರ್‍ಯಾಪ್ ಹಾಡೊಂದು 24 ಗಂಟೆಗಳಲ್ಲಿ ಏಳೂವರೆ ಕೋಟಿ ವೀಕ್ಷಣೆ ಪಡೆದು ವಿಶ್ವದಾಖಲೆ ಎಂದು ಸುದ್ದಿಯಾಯಿತು. ಅದರಲ್ಲಿ ಜಾಹೀರಾತಿಗೆ ಹಣ ಕೊಟ್ಟು ಬಂದ ವೀಕ್ಷಣೆಗಳೂ ಸೇರಿದ್ದವು. ಯೂಟ್ಯೂಬ್ ಆ ದಾಖಲೆಯನ್ನು ಮಾನ್ಯ ಮಾಡಲಿಲ್ಲ; ಆ ಸೆಪ್ಟೆಂಬರಿನಿಂದ ತನ್ನ ಸಂಗೀತ ಪಟ್ಟಿಗಳಲ್ಲಿ ಜಾಹೀರಾತಿನ ವೀಕ್ಷಣೆಯನ್ನು ಎಣಿಸುವುದನ್ನೇ ನಿಲ್ಲಿಸಿತು. ಕಿರು ವಿಡಿಯೋಗಳಲ್ಲಂತೂ 2025ರ ಮಾರ್ಚ್ ಕೊನೆಯಿಂದ ವಿಡಿಯೋ ಆರಂಭವಾದರೆ ಸಾಕು, ಒಂದು ವೀಕ್ಷಣೆ ಎಂದಾಗುತ್ತದೆ. ಹೆಬ್ಬೆರಳು ಸರಿಸಿದ ವೇಗಕ್ಕೆ ಹಾಡಿನ ಪಲ್ಲವಿಯೂ ಕೇಳಿರುವುದಿಲ್ಲ.

ನಮ್ಮ ಕನ್ನಡದ ಸ್ಪರ್ಧೆಗಳಲ್ಲಿ ಇನ್ನೊಂದು ತೊಡಕಿದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ವೇದಿಕೆಯಲ್ಲಿ ಸ್ಪರ್ಧಿ ಹಾಡುವುದು ಹೆಚ್ಚಾಗಿ ಬೇರೊಬ್ಬರು ಹಾಡಿದ ಸಿನಿಮಾ ಹಾಡನ್ನು. ಅದರ ವಿಡಿಯೋ ಇರುವುದು ವಾಹಿನಿಯ ಖಾತೆಯಲ್ಲಿ, ಮೂಲ ಹಾಡಿನ ಹಕ್ಕು ಇರುವುದು ಧ್ವನಿಸುರುಳಿ ಕಂಪನಿಯಲ್ಲಿ. ಒಂದು ಕೋಟಿ ಜನ ನೋಡಿದರೂ ಆ ಹುಡುಗಿಯ ಹೆಸರಿನ ಮುಂದೆ ಮಾರಾಟ ಎಂದು ಬರೆಯುವಂಥದ್ದು ಏನೂ ಇರುವುದಿಲ್ಲ. ಗೆದ್ದ ಮೇಲೆ ಸಿನಿಮಾದಲ್ಲಿ ಹಾಡುವ ಅವಕಾಶ ಸಿಕ್ಕರೂ ಅದು ಚಿತ್ರದ ಆಲ್ಬಂ, ಗಾಯಕಿಯದಲ್ಲ. ಹಾಗಾಗಿ ಅಮೆರಿಕನ್ ಐಡಲ್ ವಿಜೇತರ ಅಂಕಿಗಳ ಪಕ್ಕದಲ್ಲಿ ನಮ್ಮ ವಿಜೇತರ ಅಂಕಿಗಳನ್ನು ಇಟ್ಟು ತೂಗುವುದು ಅನ್ಯಾಯ. ಸ್ಪರ್ಧೆಗೆ ಬಂದ ಮತಗಳನ್ನೋ ಕಾರ್ಯಕ್ರಮದ ಟಿಆರ್‌ಪಿಯನ್ನೋ ಯಶಸ್ಸಿನ ಲೆಕ್ಕಕ್ಕೆ ಸೇರಿಸುವವರೂ ಇದ್ದಾರೆ. ಟಿಆರ್‌ಪಿ ಎಂಬುದು ಆಯ್ದ ಮನೆಗಳ ಟಿವಿಗೆ ಜೋಡಿಸಿದ ಮೀಟರಿನಿಂದ ತೆಗೆದ ಅಂದಾಜು, ಅದು ಕಾರ್ಯಕ್ರಮದ್ದೇ ಹೊರತು ಗಾಯಕರದ್ದಲ್ಲ.

ಗೆಲುವಿಗೂ ಮಾರಾಟಕ್ಕೂ ಹೊಂದಾಣಿಕೆ ಇರಲೇಬೇಕೆಂದೂ ಇಲ್ಲ. ಟೇಲರ್ ಹಿಕ್ಸ್ ಗೆದ್ದ ವರ್ಷವೇ ನಾಲ್ಕನೆಯವರಾಗಿ ಹೊರಬಿದ್ದ ಕ್ರಿಸ್ ಡಾಟ್ರಿ ಕಟ್ಟಿದ ತಂಡದ ಮೊದಲ ಆಲ್ಬಂ, ಬಿಲ್‌ಬೋರ್ಡಿನ 2007ರ ವರ್ಷಾಂತ್ಯದ ಆಲ್ಬಂ ಪಟ್ಟಿಯಲ್ಲಿ ಮೊದಲನೆಯದಾಗಿತ್ತು. ಬಿಡುಗಡೆಯಾದ ವಾರ ಅದಕ್ಕೆ ಸಿಕ್ಕಿದ್ದು ಎರಡನೆಯ ಸ್ಥಾನ. ಮೊದಲ ಸ್ಥಾನ ಸಿಕ್ಕಿದ್ದು ಒಂಬತ್ತನೆಯ ವಾರದಲ್ಲಿ. ವಿಜೇತರ ಆಲ್ಬಂ ಸಾಮಾನ್ಯವಾಗಿ ಮೊದಲ ವಾರ ಭರ್ರನೆ ಹೋಗಿ ಬೇಗ ಕೆಳಗಿಳಿಯುವುದರಿಂದ, ಮೊದಲ ವಾರದ ಅಂಕಿಗಿಂತ ಒಂಬತ್ತನೆಯ, ಇಪ್ಪತ್ತನೆಯ ವಾರದ ಅಂಕಿಯನ್ನು ನಾನು ಹೆಚ್ಚು ನಂಬುತ್ತೇನೆ. ನಮ್ಮಲ್ಲಿ 2005ರ ಫೇಮ್ ಗುರುಕುಲ್ ಸ್ಪರ್ಧೆಯಲ್ಲಿ ಅಂತಿಮ ಸುತ್ತಿಗೂ ಬಾರದ ಅರಿಜಿತ್ ಸಿಂಗ್ ಇಂದು ಆನ್‌ಲೈನಿನಲ್ಲಿ ಹಾಡು ಕೇಳಿಸುವ ಸ್ಪಾಟಿಫೈಯಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಜನ ಹಿಂಬಾಲಿಸುವ ಗಾಯಕರಲ್ಲಿ ಒಬ್ಬರು.

ತಮ್ಮ ಕಡೆಯ ಹುಡುಗಿಯ ವಿಷಯಕ್ಕೆ ಬರುವುದಾದರೆ, ಆಕೆ ಹೊಸದೊಂದು ಹಾಡನ್ನು, ಕನ್ನಡದ್ದೋ ಕೊಡವ ಭಾಷೆಯದ್ದೋ ಆಗಲಿ, ತನ್ನದೇ ಹೆಸರಿನಲ್ಲಿ ಮುದ್ರಿಸಿ ವಿತರಕರ ಮೂಲಕ ಬಿಡುಗಡೆ ಮಾಡಿದರೆ ಆ ಮುದ್ರಣಕ್ಕೆ ಐಎಸ್‌ಆರ್‌ಸಿ ಎಂಬ 12 ಅಕ್ಷರ ಮತ್ತು ಅಂಕಿಗಳ ಗುರುತು ಸಿಗುತ್ತದೆ. ಆ ಮುದ್ರಣ ಎಲ್ಲೆಲ್ಲಿ ಕೇಳಿಸಿಕೊಂಡಿತೆಂಬ ಲೆಕ್ಕವೆಲ್ಲ ಆ ಗುರುತಿಗೆ ಜಮೆಯಾಗುತ್ತಾ ಹೋಗುತ್ತದೆ. ಆಗ ಗೋಣಿಕೊಪ್ಪದಲ್ಲಿ ಕೂತು ತಾವು ಸ್ಪಾಟಿಫೈಯಲ್ಲಿ ಕೇಳಿದ್ದೂ ಆಕೆಯ ಹೆಸರಿಗೇ ಸೇರುತ್ತದೆ, 30 ಸೆಕೆಂಡು ದಾಟುವವರೆಗೆ ತಾವು ಮುಂದಿನ ಹಾಡಿಗೆ ಹೋಗದಿದ್ದರೆ.