ಓದುಗರ ಪ್ರಶ್ನೆ: ಫುಟ್‌ಪಾತಿನಲ್ಲಿ ಮಲಗಿದವರ ಫೋಟೋ ತೆಗೆಯಬಹುದಾ?

ಪ್ರಶ್ನೆ: ಬೆಳಗಿನ ಜಾವ ಬೆಂಗಳೂರಿನ ಕೆ.ಆರ್. ಮಾರ್ಕೆಟ್‌ಗೆ ಹೂವಿನ ಫೋಟೋ ತೆಗೆಯಲು ಹೋಗುತ್ತೇನೆ. ಅಲ್ಲಿ ಫುಟ್‌ಪಾತಿನಲ್ಲಿ ಮಲಗಿರುವವರ ಫೋಟೋ ತೆಗೆದು ಇನ್‌ಸ್ಟಾಗ್ರಾಂಗೆ ಹಾಕಿದರೆ ತಪ್ಪಾ? ಅದು ಎಲ್ಲರೂ ಓಡಾಡುವ ಜಾಗ ಅಲ್ವಾ?

ಮುಖ ಕಾಣುವ ಹಾಗೆ ತೆಗೆಯಬೇಡಿ. ನಿದ್ದೆಯಲ್ಲಿರುವವರ ಒಪ್ಪಿಗೆ ಕೇಳುವುದು ಹೇಗೆ? ನಾವು ಬಾಗಿಲು ಹಾಕಿಕೊಂಡು ಮಲಗುತ್ತೇವೆ. ಅವರಿಗೆ ಹಾಕಿಕೊಳ್ಳಲು ಬಾಗಿಲಿಲ್ಲ.

ಕೆಲವು ವರ್ಷದ ಹಿಂದೆ ನಾನೂ ಅದೇ ಮಾರ್ಕೆಟ್ ಫ್ಲೈಓವರ್ ಕೆಳಗೆ ಕ್ಯಾಮೆರಾ ಎತ್ತಿದ್ದೆ. ಒಬ್ಬರು ಗೋಣಿಚೀಲ ಹಾಸಿಕೊಂಡು, ಯಾರೂ ಕದಿಯದಿರಲಿ ಅಂತ ಚಪ್ಪಲಿಯನ್ನು ತಲೆಯಡಿ ಇಟ್ಟುಕೊಂಡು ಮಲಗಿದ್ದರು. ಪಕ್ಕದಲ್ಲಿ ಎದ್ದು ಕೂತಿದ್ದ ಅಜ್ಜಿ ಮುಖಕ್ಕೆ ಸೆರಗು ಎಳೆದುಕೊಂಡರು. "ಬ್ಯಾಡ ಕಣಪ್ಪಾ, ಊರಲ್ಲಿ ಮಗಳು ನೋಡ್ಬಿಟ್ಟಾಳು. ಕೆಲಸದ ಮನೆಯೋರೇ ರೂಮ್ ಕೊಟ್ಟವ್ರೆ ಅಂತ ಹೇಳಿದೀನಿ" ಅಂದರು. ಕ್ಯಾಮೆರಾ ಚೀಲಕ್ಕೆ ಹಾಕಿದೆ. ಇವರ ಊರಲ್ಲಿ ಈ ಫೋಟೋ ಯಾರ ಮೊಬೈಲಿಗೆ ಹೋಗಬಹುದು ಅನ್ನೋದೇ ಅವತ್ತಿನಿಂದ ನನಗೆ ಮೊದಲು ನೆನಪಾಗುತ್ತದೆ.

ಕಾನೂನೂ ನೀವು ಅಂದುಕೊಂಡಷ್ಟು ಸಡಿಲ ಇಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸಾರ್ವಜನಿಕ ಜಾಗದಲ್ಲಿದ್ದ ಮಾತ್ರಕ್ಕೆ ಖಾಸಗಿತನ ಹೋಗುವುದಿಲ್ಲ ಅಂತಲೂ ಆ ತೀರ್ಪಿನಲ್ಲಿದೆ. ಮಕ್ಕಳ ವಿಷಯದಲ್ಲಂತೂ ಇನ್ನೂ ಬಿಗಿ. ಬೀದಿಯಲ್ಲಿ ಬದುಕುವ ಮಗು 2015ರ ಬಾಲನ್ಯಾಯ ಕಾಯ್ದೆಯ ರಕ್ಷಣೆಯಲ್ಲಿದೆ. ಅಂಥ ಮಕ್ಕಳ ಗುರುತು ಹೊರಗೆ ಹಾಕಿದರೆ 74ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಇನ್ನೊಂದು ಮಾತು. ನಮ್ಮ ರಾಜ್ಯದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ಭಿಕ್ಷೆ ಬೇಡುವವರನ್ನು ಹಿಡಿದು ನಿರಾಶ್ರಿತರ ಕೇಂದ್ರಕ್ಕೆ ಕಳಿಸಬಹುದು. ಹಾಗಾಗಿ ಕೈಚಾಚಿದವರ ಫೋಟೋಗೆ ಲೊಕೇಶನ್ ಹಾಕುವುದು ಬೇಡವೇ ಬೇಡ.

ಎದ್ದಿರುವವರಾದರೆ ಮೊದಲು ಪಕ್ಕದಲ್ಲಿ ಕೂತು ಮಾತಾಡಿ. ಟೀ ಕುಡಿಯಿರಿ. ಫೋಟೋ ಎಲ್ಲಿ ಹಾಕುತ್ತೀರಿ, ಯಾರೆಲ್ಲ ನೋಡಬಹುದು ಅಂತ ಬಿಡಿಸಿ ಹೇಳಿ. ಆಮೇಲೆ ಕೇಳಿ. ತೆಗೆದಿದ್ದನ್ನು ತೋರಿಸಿ, ಬೇಡ ಅಂದರೆ ಅವರ ಕಣ್ಣೆದುರೇ ಡಿಲೀಟ್ ಮಾಡಿ. ದುಡ್ಡು ತೋರಿಸಿ ಒಪ್ಪಿಸಬೇಡಿ. ಹಸಿದವರಿಗೆ ಬೇಡ ಅನ್ನುವುದು ತುಂಬಾ ಕಷ್ಟ.

ಚಳಿಗಾಲದಲ್ಲಿ ಕಂಬಳಿ ಹಂಚುವ ತಂಡಗಳಿಗೂ ಇದನ್ನೇ ಹೇಳುತ್ತೇನೆ. ತೆಗೆದುಕೊಂಡವರನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯಬೇಡಿ. ದುಡ್ಡು ಕೊಟ್ಟವರಿಗೆ ಲೆಕ್ಕ ತೋರಿಸಲು ಕಂಬಳಿ ರಾಶಿಯ ಫೋಟೋ, ಅಂಗಡಿ ಬಿಲ್ಲು ಸಾಕು.